ಸದ್ದು ನಿಲ್ಲಿಸುವ ವಿದ್ಯೆ: ಬೇಸ್ ಗಿಟಾರ್ ಕಲಿಕೆಯ ಮೊದಲ ತಿಂಗಳುಗಳು

ಬೇಸ್ ಗಿಟಾರ್‌ನ ಅತಿ ದಪ್ಪ ತಂತಿಯನ್ನು ಒಮ್ಮೆ ಮೀಟಿ ಕೈ ತೆಗೆದುಬಿಡಿ. ಹತ್ತು ಸೆಕೆಂಡು ಕಳೆದರೂ ಅದು ಗುಂಯ್‌ಗುಡುತ್ತಲೇ ಇರುತ್ತದೆ. ಹಾರ್ಮೋನಿಯಂನಲ್ಲಿ ಬೆರಳೆತ್ತಿದರೆ ಸದ್ದು ನಿಂತಿತು. ಡ್ರಮ್ಮಿನ ಪೆಟ್ಟು ತಾನಾಗಿಯೇ ಅಡಗುತ್ತದೆ. ಬೇಸ್‌ನಲ್ಲಿ ಹಾಗಾಗುವುದಿಲ್ಲ. ನಾಲ್ಕು ದಪ್ಪ ತಂತಿಗಳನ್ನು ಯಾರಾದರೂ ಸುಮ್ಮನಾಗಿಸಬೇಕು, ಆ ಕೆಲಸ ನಿಮ್ಮ ಎರಡು ಕೈಗಳದ್ದು. ಹೊಸದಾಗಿ ಕಲಿಯುವವರು ಯಾವ ಬೆರಳು ಎಲ್ಲಿಡಬೇಕು ಎಂದು ಕೇಳುತ್ತಾರೆ, ಎಷ್ಟು ವೇಗ ಬೇಕು ಎಂದು ಕೇಳುತ್ತಾರೆ. ಸ್ವರವನ್ನು ಎಲ್ಲಿ ನಿಲ್ಲಿಸಬೇಕು ಎಂದು ಕೇಳುವವರು ಅಪರೂಪ. ಹಾಡಿನ ತಳ ಗಟ್ಟಿಯಾಗಿದೆ ಎಂದು ಕೇಳುಗರಿಗೆ ಅನ್ನಿಸುವುದೂ, ಎಲ್ಲ ಕಲಸಿಹೋಗಿದೆ ಎಂದು ಅನ್ನಿಸುವುದೂ ಬಹುಪಾಲು ಈ ನಿಲುಗಡೆಯ ಮೇಲೆಯೇ. ಆದ್ದರಿಂದ ವಾದ್ಯ, ಕೈ, ಲಯ, ರಾಗ ಏನೇ ಮಾತಾಡಿದರೂ ಇವತ್ತು ಮತ್ತೆ ಮತ್ತೆ ಅಲ್ಲಿಗೇ ಬರುತ್ತೇವೆ.

ಮೊದಲು ವಾದ್ಯದ ಪರಿಚಯ. ನಾಲ್ಕು ತಂತಿ: ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ. ಕಂಪನದಲ್ಲಿ ಹೇಳುವುದಾದರೆ ಸುಮಾರು 41, 55, 73 ಮತ್ತು 98 ಹರ್ಟ್ಸ್. ಮಾಮೂಲಿ ಗಿಟಾರ್‌ನ ಮೇಲಿನ ನಾಲ್ಕು ದಪ್ಪ ತಂತಿಗಳ ಹೆಸರೇ ಇವಕ್ಕೂ, ಸ್ಥಾಯಿ ಮಾತ್ರ ಒಂದು ಕೆಳಗೆ. ಒಂದೊಂದು ತಂತಿಗೂ ಮುಂದಿನದಕ್ಕೂ ನಡುವೆ ಐದು ಅರ್ಧಸ್ವರಗಳ ಅಂತರ, ಅಂದರೆ ಷಡ್ಜದಿಂದ ಶುದ್ಧ ಮಧ್ಯಮದಷ್ಟು. ನಾಲ್ಕು ತಂತಿಗೂ ಈ ಅಂತರ ಒಂದೇ ಆಗಿರುವುದರಿಂದ ಒಂದು ಕಡೆ ಕಲಿತ ಬೆರಳಿನ ನಕ್ಷೆ ಎಲ್ಲ ಕಡೆಯೂ ನಡೆಯುತ್ತದೆ. ಗಿಟಾರ್‌ನಲ್ಲಿ ಈ ಸೌಲಭ್ಯ ಇಲ್ಲ, ಅಲ್ಲಿ ಜಿ ಮತ್ತು ಬಿ ತಂತಿಗಳ ನಡುವೆ ಅಂತರ ಬದಲಾಗುತ್ತದೆ.

1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಅವರ ಕಂಪನಿ ಪ್ರಿಸಿಷನ್ ಬೇಸ್ ಅನ್ನು ಮಾರುಕಟ್ಟೆಗೆ ತಂದಾಗ ಈ ವಾದ್ಯದ ಇಂದಿನ ರೂಪ ನಿಂತಿತು. ಅದಕ್ಕೂ ಮೊದಲು ಬಳಸುತ್ತಿದ್ದ ಆಳೆತ್ತರದ ಡಬಲ್ ಬೇಸ್‌ಗೆ ಫ್ರೆಟ್, ಅಂದರೆ ಸ್ವರಸ್ಥಾನ ಗುರುತಿಸುವ ಅಡ್ಡ ಲೋಹದ ಪಟ್ಟಿ, ಇರಲಿಲ್ಲ, ಸ್ವರಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕಿತ್ತು. ಫ್ರೆಟ್ ಹಾಕಿದ್ದರಿಂದ ಸ್ವರ ನಿಖರವಾಗಿ ಬಂತು, ಹೆಸರೂ ಅದರಿಂದಲೇ. ಆ ಹಳೆಯ ಬೇಸ್‌ಗಳಲ್ಲಿ ಬ್ರಿಡ್ಜ್, ಅಂದರೆ ದೇಹದ ತುದಿಯಲ್ಲಿ ತಂತಿಗಳು ಕೂರುವ ಭಾಗ, ಅದರ ಮೇಲೆ ಒಂದು ಲೋಹದ ಮುಚ್ಚಳ, ಅದರ ಒಳಗೆ ತಂತಿಗೆ ತಾಗುವಂತೆ ಫೋಮ್ ತುಂಡು ಇರುತ್ತಿತ್ತು. ಸ್ವರ ಬೇಗ ಅಡಗಲಿ ಎಂದು ತಯಾರಕರೇ ಮಾಡಿದ ಏರ್ಪಾಡು ಅದು. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಧ್ವನಿಮುದ್ರಿಕೆಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಆ ಫೋಮ್ ತೆಗೆಯಲಿಲ್ಲ, ಹಳೆಯ ನುಣುಪು ತಂತಿಗಳನ್ನು ಬದಲಿಸಲಿಲ್ಲ, ಬಲಗೈಯ ತೋರುಬೆರಳೊಂದರಿಂದಲೇ ಮೀಟಿದರು. ಆ ಹಾಡುಗಳಲ್ಲಿ ಬೇಸ್ ಪ್ರತಿ ಮಾತನ್ನೂ ಬಿಡಿಸಿ ಹೇಳಿದಂತೆ ಕೇಳುವುದಕ್ಕೆ ಈ ಮೂರೂ ಕಾರಣ. ನಮ್ಮ ಕಡೆಯ ಉದಾಹರಣೆ ಬೇಕೆಂದರೆ 1980ರ ದಶಕದಲ್ಲಿ ಇಳಯರಾಜ ಸಂಗೀತ ಕೊಟ್ಟ ಕನ್ನಡ ಚಿತ್ರಗೀತೆಗಳನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ. ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುತ್ತದೆ. ಮೊಬೈಲ್ ಸ್ಪೀಕರ್‌ನಲ್ಲಿ ಅದು ಸಿಗುವುದಿಲ್ಲ, ಅಷ್ಟು ಚಿಕ್ಕ ಸ್ಪೀಕರ್ 41 ಹರ್ಟ್ಸ್ ಹೊರಡಿಸಲಾರದು. ಅಭ್ಯಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ: ಮೊಬೈಲ್ ಸ್ಪೀಕರ್ ಜೊತೆ ನುಡಿಸಿ ಕಲಿಯಬೇಡಿ.

ವಾದ್ಯ ಆರಿಸುವುದು

ಮೊದಲ ಬೇಸ್‌ಗೆ ನಾಲ್ಕು ತಂತಿ ಸಾಕು. ಐದನೆಯ ತಂತಿ, ಅಂದರೆ 31 ಹರ್ಟ್ಸ್‌ನ ಕೆಳಗಿನ ಬಿ, ಚರ್ಚ್ ಸಂಗೀತದಲ್ಲಿ, ಇಂದಿನ ಸಿನಿಮಾ ಸಂಗೀತದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಮ್ಯೂಟ್ ಮಾಡಬೇಕಾದ, ಅಂದರೆ ಸುಮ್ಮನಾಗಿಸಬೇಕಾದ, ತಂತಿ ಇನ್ನೊಂದು ಹೆಚ್ಚಾಯಿತು ಎಂಬುದನ್ನು ಮರೆಯಬೇಡಿ. ಮೊದಲ ವರ್ಷ ಅದು ಹೊರೆ.

ತಂತಿಯ ಉದ್ದ, ಅಂದರೆ ತಲೆಯ ಕಡೆ ತಂತಿ ಕೂರುವ ನಟ್‌ನಿಂದ ಬ್ರಿಡ್ಜ್‌ವರೆಗಿನ ಅಳತೆ, ಸಾಮಾನ್ಯವಾಗಿ 34 ಇಂಚು. ಇದರಲ್ಲಿ ಮೊದಲ ಫ್ರೆಟ್‌ನಿಂದ ನಾಲ್ಕನೆಯದಕ್ಕೆ 13 ಸೆಂಟಿಮೀಟರ್ ದೂರ. 30 ಇಂಚಿನ ಚಿಕ್ಕ ಬೇಸ್‌ನಲ್ಲಿ ಅದು ಹನ್ನೊಂದೂವರೆಗೆ ಇಳಿಯುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ, ಚಿಕ್ಕ ಅಂಗೈಯವರಿಗೆ ಈ ಒಂದೂವರೆ ಸೆಂಟಿಮೀಟರ್ ದೊಡ್ಡ ವ್ಯತ್ಯಾಸವೇ. 30 ಇಂಚಿನದು ಆಟಿಕೆ ಎನ್ನುವ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ, ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಹೆಸರಿನೊಂದಿಗೆ ಅಂಟಿಕೊಂಡಿರುವ ಪಿಟೀಲಿನ ಆಕಾರದ ಹೋಫ್ನರ್ ಕೂಡ ಗಿಡ್ಡ ಬೇಸ್.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅಂಗಡಿಯಲ್ಲೇ ಹತ್ತು ನಿಮಿಷ ಕೂತು ನೋಡಿ. ವಾದ್ಯದ ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್‌ನ, ಅಂದರೆ ಫ್ರೆಟ್‌ಗಳಿರುವ ಕೊರಳಿನ, ಉದ್ದಕ್ಕೂ ದೃಷ್ಟಿ ಹಾಯಿಸಿ. ನೆಕ್ ಮುಂದಕ್ಕೋ ಹಿಂದಕ್ಕೋ ಬಾಗಿದ್ದರೆ ಸರಿಪಡಿಸಬಹುದು, ತಿರುಚಿಕೊಂಡಿದ್ದರೆ ಬೇಡವೇ ಬೇಡ. 20 ಫ್ರೆಟ್ ಇದ್ದರೆ ನಾಲ್ಕು ತಂತಿಗೆ 80 ಸ್ವರ, ಒಂದನ್ನೂ ಬಿಡದೆ ನುಡಿಸಿ. ಜಿ ತಂತಿಯಲ್ಲಿ ಐದರಿಂದ ಏಳನೆಯ ಫ್ರೆಟ್ ಆಸುಪಾಸಿನಲ್ಲಿ ಒಂದು ಸ್ವರ ಉಳಿದವಕ್ಕಿಂತ ಬೇಗ ಸತ್ತರೆ ಗಾಬರಿ ಬೇಡ. ಬೋಲ್ಟ್ ಹಾಕಿ ಕೂಡಿಸಿದ ನೆಕ್‌ಗಳಲ್ಲಿ ಬಹಳ ಕಡೆ ಹೀಗಿರುತ್ತದೆ, ಆ ಸ್ವರದ ಕಂಪನವನ್ನು ಮರವೇ ಹೀರಿಕೊಳ್ಳುತ್ತದೆ. ವಾಲ್ಯೂಮ್ ಗುಂಡಿ ತಿರುಗಿಸಿದಾಗ ಕರಕರ ಸದ್ದು ಬಂದರೆ ಒಳಗೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ. ಹಿಂಬದಿಯಲ್ಲಿ 9 ವೋಲ್ಟ್ ಬ್ಯಾಟರಿಯ ಡಬ್ಬಿ ಇದ್ದರೆ ಅದು ಆಕ್ಟಿವ್ ಬೇಸ್. ಅಂಥದ್ದರಲ್ಲಿ ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ, ನುಡಿಸಿ ಮುಗಿದ ಕೂಡಲೇ ಕೇಬಲ್ ಕಿತ್ತಿಡಿ. ಸದ್ದು ಇದ್ದಕ್ಕಿದ್ದಂತೆ ಒಡೆದಂತೆ ಕೇಳಿಸಿದರೆ ಮೊದಲ ಅನುಮಾನ ಬ್ಯಾಟರಿಯ ಮೇಲಿರಲಿ.

ಬೇಸ್‌ಗಳು ಮೂರೂವರೆಯಿಂದ ನಾಲ್ಕೂವರೆ ಕೆ.ಜಿ. ತೂಗುತ್ತವೆ. ಸಣ್ಣ ಪಟ್ಟಿ ಒಂದು ಗಂಟೆಯಲ್ಲಿ ಭುಜ ಕೊರೆಯುತ್ತದೆ. ಏಳೆಂಟು ಸೆಂಟಿಮೀಟರ್ ಅಗಲದ, ಒಳಗಡೆ ಒರಟಾಗಿರುವ ಪಟ್ಟಿ ತೆಗೆದುಕೊಳ್ಳಿ. ನುಣುಪಿನದಾದರೆ ನೆಕ್ ಭಾರಕ್ಕೆ ವಾದ್ಯ ಎಡಕ್ಕೆ ಜಾರುತ್ತದೆ, ಅದನ್ನು ಎತ್ತಿ ಹಿಡಿಯುವುದರಲ್ಲೇ ಎಡಗೈ ದಣಿಯುತ್ತದೆ.

ಸೆಟಪ್, ಶ್ರುತಿ

ಹೊಸ ವಾದ್ಯವೇ ಆದರೂ ಅಂಗಡಿಯಿಂದ ಬಂದ ಹಾಗೇ ನುಡಿಸಲು ಹಿತವಾಗಿರುವುದು ಕಡಿಮೆ. ಎಷ್ಟೋ ಜನ ತಮ್ಮ ಬೆರಳಲ್ಲಿ ಶಕ್ತಿ ಸಾಲದು ಎಂದು ಕೈಬಿಡುತ್ತಾರೆ, ತಪ್ಪು ತಂತಿಯ ಎತ್ತರದ್ದಾಗಿರುತ್ತದೆ. 12ನೇ ಫ್ರೆಟ್ ಮೇಲೆ ತಂತಿಯ ತಳದವರೆಗೆ ಸಣ್ಣ ಸ್ಕೇಲ್ ಇಟ್ಟು ಅಳೆಯಿರಿ. ಇ ತಂತಿಗೆ ಎರಡೂವರೆ ಮಿಲಿಮೀಟರ್, ಜಿ ತಂತಿಗೆ ಎರಡು, ಇವು ಶುರುವಿಗೆ ಒಳ್ಳೆಯ ಅಂಕಿಗಳು. ನಾಲ್ಕು ಮಿಲಿಮೀಟರ್ ಇದ್ದರೆ ಬ್ರಿಡ್ಜ್‌ನಲ್ಲಿ ಇಳಿಸಿ. ಅದಕ್ಕೂ ಮೊದಲು ನೆಕ್‌ನ ಬಾಗು ನೋಡಬೇಕು: ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ದೇಹಕ್ಕೆ ಸೇರುವ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದರೆ ನಡುವೆ, ಏಳೆಂಟನೆಯ ಫ್ರೆಟ್ ಹತ್ತಿರ, ಸುಮಾರು 0.3 ಮಿಲಿಮೀಟರ್ ಸಂದು ಕಾಣಬೇಕು. ವಿಸಿಟಿಂಗ್ ಕಾರ್ಡ್ ಒಂದು ಅಲ್ಲಿ ಲೀಲಾಜಾಲವಾಗಿ ಹೋಗಬೇಕು. ಸಂದು ಹೆಚ್ಚಿದ್ದರೆ ನೆಕ್ ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಬಿಗಿ ಮಾಡಬೇಕು, ಇಲ್ಲವೇ ಇಲ್ಲ ಎಂದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ರಾಡ್ ತಿರುಗಲು ಮೊಂಡು ಹಿಡಿದರೆ ಅಲ್ಲಿಗೇ ನಿಲ್ಲಿಸಿ ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ.

ತಂತಿ ಕರಕರ ಎನ್ನುವುದಕ್ಕೆ ಎಲ್ಲಿ ಎನ್ನುತ್ತಿದೆ ಎಂಬುದೇ ಸುಳಿವು. ಮೊದಲ ಐದು ಫ್ರೆಟ್‌ಗಳಲ್ಲಿ ಮಾತ್ರ ಇದ್ದರೆ ನೆಕ್ ತೀರಾ ನೇರವಾಗಿದೆ. ಮೇಲಿನ ಫ್ರೆಟ್‌ಗಳಲ್ಲಿ ಮಾತ್ರ ಇದ್ದರೆ ಬ್ರಿಡ್ಜ್ ತಗ್ಗಿದೆ. ಒಂದೇ ಒಂದು ಸ್ವರದಲ್ಲಿದ್ದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಎಲ್ಲೆಲ್ಲೂ ಇದ್ದರೆ ನೀವೇ ಜೋರಾಗಿ ಮೀಟುತ್ತಿದ್ದೀರಿ. ಆಂಪ್ (ಆಂಪ್ಲಿಫೈಯರ್) ಸದ್ದು ಹೆಚ್ಚಿಸಿ, ಬೆರಳು ಹಗುರ ಮಾಡಿ. ಮಳೆಗಾಲ ಮತ್ತು ಬೇಸಿಗೆಗೆ ಮರ ಹಿಗ್ಗಿ ಕುಗ್ಗುವುದರಿಂದ ವರ್ಷಕ್ಕೆ ಎರಡು ಸಲ ಈ ಅಳತೆಗಳನ್ನು ನೋಡುವ ರೂಢಿ ಇಟ್ಟುಕೊಳ್ಳಿ.

ಶ್ರುತಿ ಮಾಡುವಾಗ ಬಿರಡೆಯನ್ನು ಮೊದಲು ಸಡಿಲಿಸಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ತಂದು ಸ್ವರದಲ್ಲಿ ನಿಲ್ಲಿಸಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಬಿರಡೆಯ ಹಲ್ಲಿನಲ್ಲಿ ಸಡಿಲ ಉಳಿದು ಎರಡನೆಯ ಹಾಡಿಗೆ ತಂತಿ ಇಳಿದಿರುತ್ತದೆ. ಕೆಳಗಿನ ಇ ತಂತಿಯನ್ನು ಕೆಲವು ಟ್ಯೂನರ್‌ಗಳು ಹಿಡಿಯಲಾರದೆ ಮುಳ್ಳು ಅಲ್ಲಾಡಿಸುತ್ತವೆ. ಆಗ 12ನೇ ಫ್ರೆಟ್‌ನ ನೇರ ಮೇಲೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದರೆ ಒಂದು ಸ್ಥಾಯಿ ಮೇಲಿನ ಹಾರ್ಮೋನಿಕ್ ಬರುತ್ತದೆ, ಟ್ಯೂನರ್ ಅದನ್ನು ಸಲೀಸಾಗಿ ಓದುತ್ತದೆ. ಇದೇ ಹಾರ್ಮೋನಿಕ್ ಅನ್ನೂ 12ನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರವನ್ನೂ ಹೋಲಿಸಿ ನೋಡಿ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನ ಸ್ಯಾಡಲ್, ಅಂದರೆ ಆ ತಂತಿ ಕೂರುವ ತುಂಡು, ಹಿಂದಕ್ಕೆ ಸರಿಯಬೇಕು, ಇಳಿದಿದ್ದರೆ ಮುಂದಕ್ಕೆ.

ಕೈಗಳು

ಬಲಗೈಯ ಹೆಬ್ಬೆರಳನ್ನು ಪಿಕಪ್, ಅಂದರೆ ತಂತಿಗಳ ಕೆಳಗಿದ್ದು ಸದ್ದು ಹಿಡಿಯುವ ಭಾಗ, ಅದರ ಮೇಲಿಟ್ಟು ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಮೀಟಬೇಕು. ಬೆರಳನ್ನು ತಂತಿಯಿಂದ ಮೇಲೆ ಎಳೆಯಬೇಡಿ. ತಂತಿಯನ್ನು ದಾಟಿ ಒಳಕ್ಕೆ ಹೋಗಿ, ಪಕ್ಕದ ದಪ್ಪ ತಂತಿಯ ಮೇಲೆ ಬೆರಳು ಒರಗಿ ನಿಲ್ಲಲಿ. ಎ ತಂತಿ ಮೀಟಿದ ಬೆರಳು ಇ ಮೇಲೆ, ಡಿ ಮೀಟಿದ್ದು ಎ ಮೇಲೆ. ಹೀಗೆ ಒರಗಿದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಸ್ವರಕ್ಕೆ ತೂಕ ಬರುತ್ತದೆ, ಪಕ್ಕದ ತಂತಿ ಸುಮ್ಮನಾಗುತ್ತದೆ. ಸಣ್ಣ ತಂತಿಗಳ ಕಡೆ ಇಳಿದಂತೆ ಹೆಬ್ಬೆರಳೂ ಹಿಂಬಾಲಿಸಬೇಕು. ಡಿ ನುಡಿಸುವಾಗ ಅದು ಪಿಕಪ್ ಬಿಟ್ಟು ಇ ತಂತಿಯ ಮೇಲೆ ಕೂರಲಿ. ಜಿ ನುಡಿಸುವಾಗ ಇ ಮೇಲೆಯೇ ಇದ್ದು ಎ ಕಡೆ ವಾಲಲಿ, ಉಂಗುರ ಬೆರಳು ಬೇಕಿದ್ದರೆ ಎ ತಂತಿಯನ್ನು ಮುಟ್ಟಿಕೊಂಡಿರಲಿ. ಹೆಬ್ಬೆರಳು ಪಿಕಪ್ಪಿಗೇ ಅಂಟಿಕೊಂಡು ಬಿಟ್ಟರೆ ಸಣ್ಣ ತಂತಿಗಳಲ್ಲಿ ಹಾಡು ನಡೆಯುತ್ತಿರುವಾಗ ದಪ್ಪ ಇ ತಂತಿ ತನ್ನ ಪಾಡಿಗೆ ಗುಡುಗುತ್ತಿರುತ್ತದೆ. ಹೊಸಬರ ರೆಕಾರ್ಡಿಂಗ್‌ಗಳಲ್ಲಿ ಅತಿ ಹೆಚ್ಚು ಸಿಗುವ ದೋಷ ಇದು. ನುಡಿಸುವವರಿಗೆ ಅದು ಕೇಳಿಸಿರುವುದಿಲ್ಲ.

ಪಿಕ್, ಅಂದರೆ ತಂತಿ ಮೀಟುವ ಚಿಕ್ಕ ಚೂರು, ಹಿಡಿದು ನುಡಿಸುವುದು ಕೀಳು ಎಂಬ ನಂಬಿಕೆ ಏಕೆ ಹುಟ್ಟಿತೋ. ಲಾಸ್ ಏಂಜಲಿಸ್‌ನ ಸ್ಟುಡಿಯೊಗಳಲ್ಲಿ ಬಹಳ ಕಾಲ ದುಡಿದ ಕ್ಯಾರಲ್ ಕೇ ನುಡಿಸಿದ್ದು ಪಿಕ್‌ನಿಂದಲೇ. ತಂತಿಗೆ ಫೆಲ್ಟ್ ತುಂಡು ತಾಗಿಸಿ ಸದ್ದನ್ನು ಹತೋಟಿಯಲ್ಲಿಡುತ್ತಿದ್ದರು. ಸ್ಲ್ಯಾಪ್ ಮಾತ್ರ ಮೊದಲ ಆರು ತಿಂಗಳು ಬೇಡ. ಹೆಬ್ಬೆರಳಿನಿಂದ ಬಡಿಯುವಾಗ ನಾಲ್ಕೂ ತಂತಿ ಎಚ್ಚರಗೊಳ್ಳುತ್ತವೆ, ಅವುಗಳನ್ನು ಮಲಗಿಸಲು ಎಡಗೈಗೆ ಬರುತ್ತಿರಬೇಕು.

ಎಡಗೈ ಬೆರಳು ಫ್ರೆಟ್‌ನ ಮೇಲೂ ಅಲ್ಲ, ಎರಡು ಫ್ರೆಟ್‌ಗಳ ನಡುಮಧ್ಯದಲ್ಲೂ ಅಲ್ಲ, ಫ್ರೆಟ್‌ಗೆ ಅಂಟಿದಂತೆ ಹಿಂದೆಯೇ ಕೂರಬೇಕು. ಅಲ್ಲಿ ಅರ್ಧ ಬಲಕ್ಕೇ ಸ್ವರ ಶುದ್ಧವಾಗಿ ಬರುತ್ತದೆ. ಬೆರಳನ್ನು ತಂತಿ ಮೇಲೆ ಬರೀ ಮುಟ್ಟಿಸಿ ಮೀಟುತ್ತಾ ಹೋಗಿ, ನಿಧಾನವಾಗಿ ಒತ್ತಡ ಹೆಚ್ಚಿಸಿ, ಸ್ವರ ಸ್ಪಷ್ಟವಾದ ಕ್ಷಣದಲ್ಲಿ ನಿಲ್ಲಿಸಿ. ಬೇಕಾದ ಬಲ ಅಷ್ಟೇ. ಬೆರಳು ಬಿಳುಚಿಕೊಂಡಿದ್ದರೆ ಅದು ದಂಡದ ದುಡಿಮೆ. ಹೆಬ್ಬೆರಳು ನೆಕ್ ಹಿಂದೆ, ನಡುಬೆರಳಿನ ಎದುರಿಗೆ. ಮಣಿಕಟ್ಟು ಆದಷ್ಟೂ ನೇರ. ಬೆರಳ ತುದಿ ಚುರುಗುಟ್ಟುವುದು ಸಹಜ, ಎರಡು ಮೂರು ವಾರಕ್ಕೆ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟಿನಲ್ಲಿ, ಮುಂಗೈಯಲ್ಲಿ ನೋವು ಬಂದರೆ ಅದು ಬೇರೆ ವಿಷಯ. ಆ ದಿನ ವಾದ್ಯ ಕೆಳಗಿಡಿ, ಪಟ್ಟಿಯ ಎತ್ತರ ನೋಡಿ. ಕೂತಾಗ ಬೇಸ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವಂತೆ ಪಟ್ಟಿ ಬಿಗಿಯಬೇಕು. ಮೊಣಕಾಲಿಗೆ ಇಳಿಬಿಟ್ಟುಕೊಂಡರೆ ಮಣಿಕಟ್ಟು ಮಡಿಚಲೇಬೇಕಾಗುತ್ತದೆ.

ನಾಲ್ಕು ಬೆರಳಿಗೆ ನಾಲ್ಕು ಫ್ರೆಟ್ ಎಂಬ ನಿಯಮವನ್ನು ಮೊದಲ ದಿನವೇ ಮೊದಲ ಫ್ರೆಟ್‌ನಲ್ಲಿ ಪ್ರಯೋಗಿಸಬೇಡಿ. ಆಗಲೇ ಹೇಳಿದ 13 ಸೆಂಟಿಮೀಟರ್ ಅಲ್ಲಿ ಅಡ್ಡ ಬರುತ್ತದೆ. ಕೆಳಗಿನ ಫ್ರೆಟ್‌ಗಳಲ್ಲಿ ಡಬಲ್ ಬೇಸ್‌ನವರ ಪದ್ಧತಿ ಮೇಲು: ತೋರುಬೆರಳು, ನಡುಬೆರಳು, ಕಿರುಬೆರಳು, ಮೂರು ಬೆರಳಿಗೆ ಮೂರು ಫ್ರೆಟ್. ಉಂಗುರ ಬೆರಳು ಕಿರುಬೆರಳಿಗೆ ಆಸರೆಯಾಗಿ ಅದರ ಜೊತೆಯಲ್ಲೇ ಒತ್ತಲಿ. ಏಳನೆಯ ಫ್ರೆಟ್‌ನಿಂದ ಹತ್ತನೆಯದಕ್ಕೆ ದೂರ ಒಂಬತ್ತು ಸೆಂಟಿಮೀಟರ್ ಚಿಲ್ಲರೆ ಮಾತ್ರ, ಬೆರಳಿಗೊಂದು ಫ್ರೆಟ್ ಎಂಬ ಅಭ್ಯಾಸ ಅಲ್ಲಿ ಶುರುವಾಗಲಿ.

ಸಿ ಮೇಜರ್ ಸ್ವರಶ್ರೇಣಿಯನ್ನು ಅಲ್ಲೇ ನುಡಿಸಿ ನೋಡಿ. ಇ ತಂತಿಯಲ್ಲಿ ಫ್ರೆಟ್ 8, 10. ಎ ತಂತಿಯಲ್ಲಿ 7, 8, 10. ಡಿ ತಂತಿಯಲ್ಲಿ 7, 9, 10. ಕೇಳಲು ಇದು ಶಂಕರಾಭರಣದ ಸ್ವರಸ್ಥಾನಗಳೇ. ಸರಳೆ ವರಸೆ ಕಲಿತವರು ಮಾಯಾಮಾಳವಗೌಳ ನುಡಿಸಬೇಕೆಂದರೆ ಎರಡು ಸ್ವರ ಬದಲಾಗುತ್ತವೆ: ರಿಷಭ ಇ ತಂತಿಯ 9ಕ್ಕೆ, ಧೈವತ ಡಿ ತಂತಿಯ 6ಕ್ಕೆ. ಆ ಧೈವತಕ್ಕೆ ತೋರುಬೆರಳು ಒಂದು ಫ್ರೆಟ್ ಹಿಂದೆ ಸರಿದು ಮರಳಬೇಕು. ಸರಳೆ ವರಸೆಗಳು ಬೇಸ್‌ಗೆ ಹೇಳಿ ಮಾಡಿಸಿದಂಥ ಅಭ್ಯಾಸ. ಮೊದಲ ವರಸೆಗಳಲ್ಲಿ ಪ್ರತಿ ಸ್ವರದ ಉದ್ದ ಒಂದೇ ಇರುತ್ತದೆ, ಮೂರು ಕಾಲಗಳಲ್ಲಿ ಅಳೆದು ನುಡಿಸುವ ಶಿಸ್ತು ಅದರಲ್ಲೇ ಇದೆ.

ಮ್ಯೂಟ್ ಪರೀಕ್ಷೆ

ಈಗ ಒಂದು ಪರೀಕ್ಷೆ. ಇ ತಂತಿಯ ಐದನೆಯ ಫ್ರೆಟ್ ಒತ್ತಿ ಮೀಟಿ. ಒಂದು ಕ್ಷಣ ಬಿಟ್ಟು ಎಡಬೆರಳನ್ನು ಸಡಿಲಿಸಿ, ಆದರೆ ತಂತಿಯಿಂದ ಎತ್ತಬೇಡಿ. ಸ್ವರ ನಿಂತಿತು. ಈಗ ಕಿವಿಗೊಡಿ. ನೀವು ಮುಟ್ಟದೇ ಇದ್ದ ಎ ತಂತಿ ಅದೇ ಸ್ವರದಲ್ಲಿ ಮೆಲ್ಲಗೆ ಹಾಡುತ್ತಿರುತ್ತದೆ. ಐದನೆಯ ಫ್ರೆಟ್‌ನ ಸ್ವರವೂ ತೆರೆದ ಎ ತಂತಿಯೂ ಎರಡೂ 55 ಹರ್ಟ್ಸ್ ಆದ್ದರಿಂದ ಒಂದು ಕಂಪಿಸಿದರೆ ಇನ್ನೊಂದು ತಾನಾಗಿ ಕಂಪಿಸುತ್ತದೆ. ತಂಬೂರಿ ಮೇಳೈಸಿದಾಗ ಹಿತವಾಗುವ ಇದೇ ಗುಣ ಇಲ್ಲಿ ಕಾಟ ಕೊಡುತ್ತದೆ.

ಪರಿಹಾರ ಎಡಗೈಯಲ್ಲಿದೆ. ಒತ್ತುವ ಬೆರಳನ್ನು ನೆಟ್ಟಗಿಡದೆ ಸ್ವಲ್ಪ ಚಪ್ಪಟೆ ಮಾಡಿ, ಅದರ ಒಳಭಾಗ ಕೆಳಗಿನ ಸಣ್ಣ ತಂತಿಗಳನ್ನು ಹಗುರವಾಗಿ ಮುಟ್ಟಿಕೊಂಡಿರಲಿ. ದಪ್ಪ ತಂತಿಗಳನ್ನು ಬಲಗೈ ನೋಡಿಕೊಳ್ಳುತ್ತದೆ, ಸಣ್ಣವನ್ನು ಎಡಗೈ ನೋಡಿಕೊಳ್ಳುತ್ತದೆ. ಇದೊಂದು ವಿಭಜನೆ ನೆನಪಿದ್ದರೆ ಸಾಕು. ಒಂದು ಎಚ್ಚರ: 5, 7, 12ನೇ ಫ್ರೆಟ್‌ಗಳ ನೇರ ಮೇಲೆ ಒಂದೇ ಬೆರಳು ಹಗುರವಾಗಿ ತಾಗಿದರೆ ಸದ್ದು ಅಡಗುವ ಬದಲು ಗಂಟೆಯಂಥ ಹಾರ್ಮೋನಿಕ್ ಹೊಮ್ಮುತ್ತದೆ. ಆದ್ದರಿಂದ ತಂತಿಯನ್ನು ಯಾವತ್ತೂ ಎರಡು ಬೆರಳಿಂದ ಮುಟ್ಟಿ ನಿಲ್ಲಿಸಿ. ತೆರೆದ ತಂತಿಯ ಸ್ವರಕ್ಕೆ ಒತ್ತಿದ ಬೆರಳೇ ಇಲ್ಲ, ಸಡಿಲಿಸಲು ಏನಿದೆ? ಅಲ್ಲಿ ಎಡಗೈ ಬೆರಳುಗಳೆಲ್ಲ ತಂತಿಯ ಮೇಲೆ ಮಲಗಬೇಕು, ಇಲ್ಲವೇ ಬಲಗೈಯ ಮುಂದಿನ ಬೆರಳು ಮೊದಲೇ ಬಂದು ತಂತಿ ಮುಟ್ಟಬೇಕು. ಶುರುವಿನಲ್ಲಿ ತೆರೆದ ತಂತಿಗಳನ್ನು ತಪ್ಪಿಸಿ, ಒತ್ತಿದ ಸ್ವರಗಳನ್ನೇ ನುಡಿಸುವುದು ಜಾಣತನ. ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ಪಾತ್ರೆ ತೊಳೆಯುವ ಸ್ಪಂಜಿನ ಎರಡು ಸೆಂಟಿಮೀಟರ್ ಅಗಲದ ಪಟ್ಟಿ ತುರುಕಿ ನುಡಿಸಿಯೂ ನೋಡಿ. 1950ರ ದಶಕದ ಆ ಮುಚ್ಚಳ ಏನು ಮಾಡುತ್ತಿತ್ತು ಎಂದು ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಉದ್ದದ ಲೆಕ್ಕ

ಸ್ವರ ಎಷ್ಟು ಉದ್ದ ಇರಬೇಕು ಎಂದು ಅಳೆಯಲು ನಮ್ಮ ಹತ್ತಿರ ಒಳ್ಳೆಯ ಅಳತೆಗೋಲು ಇದೆ. ಲಯದ ಪೆಟ್ಟು ಕೊಡುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕೆ ಇಡಿ, ಪ್ರತಿ ಪೆಟ್ಟಿಗೆ ಒಂದು 'ತಕಧಿಮಿ' ಹೇಳಿ. ಎ ತಂತಿಯ ಮೂರನೆಯ ಫ್ರೆಟ್, ಅಂದರೆ ಸಿ, 'ತ'ಕ್ಕೆ ಮೀಟಿ. ಮುಂದಿನ 'ತ' ಬರುವವರೆಗೆ ಹಿಡಿದರೆ ಪೂರ್ತಿ ಉದ್ದ. 'ಮಿ'ಗೆ ಬೆರಳು ಸಡಿಲಿಸಿದರೆ ಮುಕ್ಕಾಲು, 'ಧಿ'ಗೆ ಸಡಿಲಿಸಿದರೆ ಅರ್ಧ, 'ಕ'ಕ್ಕೇ ಸಡಿಲಿಸಿದರೆ ಕಾಲು. ಒಂದೊಂದನ್ನೂ ಒಂದು ಆದಿತಾಳದ ಆವರ್ತನ, ಅಂದರೆ ಎಂಟು ಪೆಟ್ಟು, ನುಡಿಸಿ ಮುಂದಿನದಕ್ಕೆ ಹೋಗಿ. ಸ್ವರ ಬದಲಾಗಿಲ್ಲ, ವೇಗ ಬದಲಾಗಿಲ್ಲ, ಆದರೂ ನಾಲ್ಕು ಬೇರೆ ಹಾಡುಗಳು ಕೇಳಿಸುತ್ತವೆ. ಪೂರ್ತಿ ಉದ್ದದಲ್ಲಿ ಭಾವಗೀತೆಯ ನಡೆ, ಅರ್ಧದಲ್ಲಿ ಕುಣಿತದ ಪುಟಿತ. ದಿನಕ್ಕೆ ಹತ್ತು ನಿಮಿಷದಂತೆ ಎರಡು ವಾರ ಇಷ್ಟನ್ನೇ ಮಾಡಿದವರ ಕೈ, ಇಪ್ಪತ್ತು ಹಾಡು ಅರೆಬರೆ ಕಲಿತವರ ಕೈಗಿಂತ ಬ್ಯಾಂಡಿಗೆ ಹೆಚ್ಚು ಬೇಕಾಗುತ್ತದೆ.

ಕಿವಿ ಮೋಸ ಮಾಡುತ್ತದೆ, ಕಣ್ಣಿಗೂ ಕೆಲಸ ಕೊಡಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಮೆಟ್ರೊನೋಮ್ ಹಾಕಿಕೊಂಡು ಒಂದು ನಿಮಿಷ ರೆಕಾರ್ಡ್ ಮಾಡಿ. ಅಲೆಯ ಚಿತ್ರದಲ್ಲಿ ಪ್ರತಿ ಸ್ವರದ ಶುರುವೂ ಕೊನೆಯೂ ಕಾಣುತ್ತದೆ. ಶುರುಗಳು ಸಾಲಾಗಿದ್ದು ಕೊನೆಗಳು ಅಡ್ಡಾದಿಡ್ಡಿಯಾಗಿದ್ದರೆ ಎಡಗೈ ಕೆಲಸ ಬಾಕಿ ಇದೆ. ಎರಡು ಸ್ವರಗಳ ನಡುವೆ ಗೆರೆ ಚಪ್ಪಟೆಯಾಗದೆ ಗುಬ್ಬಚ್ಚಿಯಂತೆ ಉಬ್ಬಿದ್ದರೆ ಯಾವುದೋ ತಂತಿ ಇನ್ನೂ ಮಲಗಿಲ್ಲ.

ಇದು ಕೂತ ಮೇಲೆ ಮೆಟ್ರೊನೋಮ್ ಅನ್ನು 40ಕ್ಕೆ ಇಳಿಸಿ, ಅದರ ಪೆಟ್ಟುಗಳನ್ನು ನಾಲ್ಕರ ಎಣಿಕೆಯಲ್ಲಿ ಎರಡನೆಯದು, ನಾಲ್ಕನೆಯದು ಎಂದು ಭಾವಿಸಿ. ಹಾಡಿನ ವೇಗ ಈಗ 80. ಒಂದು, ಮೂರು ನಿಮ್ಮ ತಲೆಯಲ್ಲೇ ಇರಬೇಕು. ಡ್ರಮ್ಮಿನಲ್ಲಿ ಎರಡಕ್ಕೂ ನಾಲ್ಕಕ್ಕೂ ಸ್ನೇರ್, ಅಂದರೆ ಚುರುಕು ಸದ್ದಿನ ಚಿಕ್ಕ ಡ್ರಮ್ಮಿನ ಪೆಟ್ಟು, ಬೀಳುತ್ತದೆ. ಒಂದು, ಮೂರರಲ್ಲಿ ಶುರುವಾದ ನಿಮ್ಮ ಸ್ವರ ಸ್ನೇರ್ ಬೀಳುವ ಕ್ಷಣಕ್ಕೆ ಸರಿಯಾಗಿ ನಿಂತರೆ ಆ ಪೆಟ್ಟಿಗೆ ಜಾಗ ಸಿಗುತ್ತದೆ, ಡ್ರಮ್ಮರ್ ಜೋರಾಗಿ ಹೊಡೆಯದೆಯೂ ಜೋರಾಗಿ ಕೇಳುತ್ತದೆ. ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ ಜೊತೆ ಒಟ್ಟಿಗೆ ಶುರು ಮಾಡಬೇಕು ಎಂದು ಎಲ್ಲರೂ ಹೇಳಿಕೊಡುತ್ತಾರೆ. ಸ್ನೇರ್ ಜೊತೆ ನಿಲ್ಲುವುದನ್ನು ಅಷ್ಟೇ ಶ್ರದ್ಧೆಯಿಂದ ಕಲಿಯಿರಿ.

ಯಾವ ಸ್ವರ

ಸಿ, ಎ ಮೈನರ್, ಎಫ್, ಜಿ ಎಂಬ ನಾಲ್ಕು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ತೆಗೆದುಕೊಳ್ಳೋಣ. ಬೇಸ್‌ಗೆ ಮೊದಲ ಜವಾಬ್ದಾರಿ ಕಾರ್ಡ್‌ನ ಹೆಸರಿನ ಸ್ವರ: ಎ ತಂತಿಯ 3, ಇ ತಂತಿಯ 5, ಇ ತಂತಿಯ 1, ಇ ತಂತಿಯ 3. ಆಮೇಲೆ ಪಂಚಮ: ಮೂಲಸ್ವರದಿಂದ ಪಕ್ಕದ ಸಣ್ಣ ತಂತಿಯಲ್ಲಿ ಎರಡು ಫ್ರೆಟ್ ಮುಂದೆ. ಮೇಲಿನ ಷಡ್ಜ ಅದರಾಚೆಯ ತಂತಿಯಲ್ಲಿ, ಅದೇ ಎರಡು ಫ್ರೆಟ್ ಮುಂದೆ. ಕಾರ್ಡ್ ಬದಲಾಗುವ ಮುನ್ನ, ನಾಲ್ಕನೆಯ ಪೆಟ್ಟಿನಲ್ಲಿ, ಬರಲಿರುವ ಸ್ವರಕ್ಕಿಂತ ಒಂದು ಫ್ರೆಟ್ ಕೆಳಗಿನಿಂದ ಹತ್ತಿದರೆ ಹಾಡು ತಾನಾಗಿ ಮುಂದಕ್ಕೆ ವಾಲುತ್ತದೆ. ಜಿ ಬರುವ ಮೊದಲು ಇ ತಂತಿಯ 2 ಮುಟ್ಟಿ 3ಕ್ಕೆ ಹೋಗುವುದು ಇದಕ್ಕೆ ಉದಾಹರಣೆ. ಹಾಳೆಯಲ್ಲಿ ಕಾರ್ಡ್ ಹೆಸರಿನ ಪಕ್ಕ ಓರೆಗೆರೆ ಹಾಕಿ ಇನ್ನೊಂದು ಅಕ್ಷರ ಬರೆದಿದ್ದರೆ ಆ ಎರಡನೆಯ ಅಕ್ಷರ ನಿಮಗೆ ಬರೆದದ್ದು. ಸಿ ಓರೆಗೆರೆ ಜಿ ಎಂದಿದ್ದರೆ ಬೇಸ್ ಜಿ ನುಡಿಸಬೇಕು.

ಸುಗಮ ಸಂಗೀತದ ಗಾಯಕರ ಜೊತೆ ನುಡಿಸುವವರಿಗೆ ಶ್ರುತಿಯ ಹೆಸರು ಬೇರೆ ಬಗೆಯಲ್ಲಿ ಬರುತ್ತದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ 1 ಎಂದರೆ ಸಿ, ಕಪ್ಪು 1 ಎಂದರೆ ಸಿ ಶಾರ್ಪ್, ಕಪ್ಪು 4 ಎಂದರೆ ಜಿ ಶಾರ್ಪ್. ಕಪ್ಪು 1 ನಿಮಗೆ ಎ ತಂತಿಯ 4ರಲ್ಲಿದೆ, ಕಪ್ಪು 4 ಇ ತಂತಿಯ 4ರಲ್ಲಿದೆ. ಎರಡೂ ತೆರೆದ ತಂತಿಯಿಂದ ದೂರ ಇರುವುದು ಒಂದು ರೀತಿಯಲ್ಲಿ ಅನುಕೂಲವೇ, ಒತ್ತಿದ ಸ್ವರಗಳನ್ನು ನಿಲ್ಲಿಸುವುದು ಸುಲಭ.

ಇಲ್ಲಿ ಪಾಶ್ಚಾತ್ಯ ಸೂತ್ರವನ್ನು ಕಣ್ಣುಮುಚ್ಚಿ ಹಾಕಿದರೆ ತಪ್ಪಾಗುತ್ತದೆ. ಹಾಡು ಹಿಂದೋಳದಲ್ಲಿದ್ದರೆ ಅದರಲ್ಲಿ ಪಂಚಮವೇ ಇಲ್ಲ. ಮೂಲಸ್ವರ, ಪಂಚಮ ಎಂಬ ರೂಢಿಯ ಜೋಡಿ ಅಲ್ಲಿ ಗಾಯಕರ ಕಾಲಿಗೆ ತೊಡರುತ್ತದೆ. ಬದಲಿಗೆ ಷಡ್ಜ, ಮಧ್ಯಮ ಹಿಡಿಯಿರಿ. ಬೇಸ್‌ನಲ್ಲಿ ಮಧ್ಯಮ ಅದೇ ಫ್ರೆಟ್‌ನ ಪಕ್ಕದ ತಂತಿ. ಮೋಹನದಲ್ಲಿ ಮ, ನಿ ಇಲ್ಲ, ಹಂಸಧ್ವನಿಯಲ್ಲಿ ಮ, ಧ ಇಲ್ಲ. ಈಗಷ್ಟೇ ಹೇಳಿದ ಒಂದು ಫ್ರೆಟ್ ಕೆಳಗಿನ ಸ್ವರ ಇಂಥ ರಾಗಗಳಲ್ಲಿ ಸುಲಭವಾಗಿ ರಾಗದ ಹೊರಗೆ ಬೀಳುತ್ತದೆ. ಹಾಡು ಶುರುವಾಗುವ ಮುನ್ನ ಗಾಯಕರಿಂದ ಆರೋಹಣ, ಅವರೋಹಣ ಕೇಳಿಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಡ. ಸಂದೇಹವಿದ್ದಲ್ಲಿ ಷಡ್ಜವೊಂದನ್ನೇ ಅಳೆದು ನುಡಿಸಿ, ಅದು ಎಂದೂ ತಪ್ಪಾಗಿ ಕೇಳದು.

ಆಂಪ್, ಕರೆಂಟ್, ತಂತಿ

ಮನೆಯ ಅಭ್ಯಾಸಕ್ಕೆ 15ರಿಂದ 40 ವ್ಯಾಟ್‌ನ ಬೇಸ್ ಆಂಪ್, ಇಲ್ಲವೇ ಹೆಡ್‌ಫೋನ್ ಚುಚ್ಚುವ ಪುಟ್ಟ ಆಂಪ್ ಸಾಕು. ಡ್ರಮ್ಮರ್ ಜೊತೆ ಕೂತರೆ 200 ವ್ಯಾಟ್ ಆದರೂ ಬೇಕಾಗುತ್ತದೆ. ಮಾಮೂಲಿ ಗಿಟಾರ್ ಆಂಪ್‌ಗೆ ಬೇಸ್ ಚುಚ್ಚಿ ಜೋರು ಮಾಡಿದರೆ ಅದರ ಸ್ಪೀಕರ್ ಹರಿಯಬಹುದು, ಅಷ್ಟು ತಗ್ಗಿನ ಸ್ವರಕ್ಕೆ ಬೇಕಾದಷ್ಟು ಹಿಂದೆ ಮುಂದೆ ಓಡಾಡಲು ಅದನ್ನು ಮಾಡಿಲ್ಲ. ಆಂಪ್ ಅನ್ನು ಕೋಣೆಯ ಮೂಲೆಯಲ್ಲಿಡಬೇಡಿ. 41 ಹರ್ಟ್ಸ್‌ನ ಅಲೆಯ ಉದ್ದ ಎಂಟು ಮೀಟರ್‌ಗೂ ಹೆಚ್ಚು, ಮೂಲೆಯ ಗೋಡೆಗಳು ತಗ್ಗಿನ ಸ್ವರಗಳನ್ನು ಬೇಕಾಬಿಟ್ಟಿ ಉಬ್ಬಿಸಿ ಕೆಲವು ಸ್ವರಗಳನ್ನಷ್ಟೇ ಗುಡುಗಿಸುತ್ತವೆ. ಗೋಡೆಯಿಂದ ಸರಿಸಿ ಕುರ್ಚಿಯ ಮೇಲಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಬ್ಯಾಂಡ್ ನಡುವೆ ನಿಮ್ಮ ಸದ್ದು ಕಳೆದುಹೋದರೆ ಬೇಸ್ ಗುಂಡಿ ತಿರುಗಿಸುವ ಮೊದಲು ನಡುಸ್ಥಾಯಿಯ ಮಿಡ್ ಗುಂಡಿ ಏರಿಸಿ.

ತಂತಿ ಮುಟ್ಟಿದಾಗ ಗುಂಯ್ ಎನ್ನುವ ಹಮ್ ಕಡಿಮೆಯಾದರೆ ಅದು ಸಹಜ, ತಂತಿಗಳು ವಾದ್ಯದ ಗ್ರೌಂಡ್‌ಗೆ ಜೋಡಿಸಿರುತ್ತವೆ. ತಂತಿಯಿಂದ ಅಥವಾ ಮೈಕ್‌ನಿಂದ ಕೈಗೆ, ತುಟಿಗೆ ಚುರುಕು ತಟ್ಟಿದರೆ ಮಾತ್ರ ತಕ್ಷಣ ಪ್ಲಗ್ ಕೀಳಿ. ಆ ಸಾಕೆಟ್‌ನಲ್ಲಿ ಅರ್ಥಿಂಗ್ ಸರಿಯಿಲ್ಲ. ಬಯಲು ವೇದಿಕೆಗಳಲ್ಲಿ, ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮಗಳಲ್ಲಿ ಇದು ಜೀವಕ್ಕೇ ಬರಬಹುದಾದ ಅಪಾಯ. ಮೂರನೆಯ ಪಿನ್ ಕಿತ್ತು ಹಮ್ ನಿಲ್ಲಿಸುವ ಉಪಾಯ ಯಾರಾದರೂ ಹೇಳಿದರೆ ಒಪ್ಪಬೇಡಿ.

ತಂತಿಗಳಿಗೆ ಬೆವರೇ ಶತ್ರು. ಕರಾವಳಿಯ ಸೆಕೆಯಲ್ಲಂತೂ ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ತಂತಿಯ ಅಡಿಯನ್ನೂ ಒರೆಸದಿದ್ದರೆ ತುಕ್ಕು ಬೇಗ ಹಿಡಿಯುತ್ತದೆ. ಬದಲಿಸುವಾಗ ಒಂದೊಂದೇ ಬಿಚ್ಚಿ ಹಾಕಿ. ನಾಲ್ಕೂ ಸೇರಿ ಸುಮಾರು 80 ಕೆ.ಜಿ. ಬಿಗಿಯಲ್ಲಿ ನೆಕ್ ಅನ್ನು ಎಳೆದಿರುತ್ತವೆ, ಅಷ್ಟನ್ನೂ ಒಮ್ಮೆಲೇ ಬಿಟ್ಟರೆ ನೆಕ್ ಮತ್ತೆ ಹದಕ್ಕೆ ಬರಲು ಸಮಯ ಬೇಕು. ಹೊಸ ತಂತಿಯನ್ನು ಬಿರಡೆಯ ಕಂಬದಿಂದ ಹತ್ತು ಹನ್ನೆರಡು ಸೆಂಟಿಮೀಟರ್ ಆಚೆಗೆ ಮೊದಲು ಮಡಿಸಿ, ಆಮೇಲೆ ಆ ಮಡಿಕೆಯ ಆಚೆ ಕತ್ತರಿಸಿ. ಮಡಿಸದೆ ಕತ್ತರಿಸಿದರೆ ಹೊರಗಿನ ಸುತ್ತು ಸಡಿಲಗೊಂಡು ತಂತಿ ಸದ್ದೇ ಕೊಡದಂತಾಗುತ್ತದೆ. ತುದಿಯನ್ನು ಕಂಬದ ನಡುವಿನ ತೂತಿಗಿಳಿಸಿ, ಸುತ್ತುಗಳು ಮೇಲಿನಿಂದ ಕೆಳಕ್ಕೆ ಎರಡು ಮೂರು ಬರಲಿ.

ಮೊದಲ ಸಲ ಬ್ಯಾಂಡ್ ಅಭ್ಯಾಸದ ಜ್ಯಾಮ್ ರೂಮಿಗೆ ಹೋದಾಗ ಡ್ರಮ್ಮರ್‌ನ ಹೈ-ಹ್ಯಾಟ್ (ಜೋಡಿ ಸಿಂಬಲ್) ಪಕ್ಕದಲ್ಲಿ, ಅವರ ಬಲಗಾಲು ಕಾಣುವ ಹಾಗೆ ನಿಲ್ಲಿ. ಕಿಕ್ ಡ್ರಮ್ ಸದ್ದು ಕಿವಿಗೆ ಬರುವ ಮೊದಲೇ ಮೊಣಕಾಲು ಏಳುವುದು ಕಣ್ಣಿಗೆ ಕಾಣುತ್ತದೆ. ಹಾಡಿನ ಕೊನೆಯ ಸ್ವರವನ್ನು ಎಲ್ಲರೂ ಉದ್ದ ಹಿಡಿಯುತ್ತಾರೆ, ಸಿಂಬಲ್ ಝೇಂಕರಿಸುತ್ತಿರುತ್ತದೆ, ಆಗ ಆಂಪ್ ಕಡೆಗೋ ಫ್ರೆಟ್ ಕಡೆಗೋ ನೋಡುತ್ತಾ ನಿಲ್ಲಬೇಡಿ. ಡ್ರಮ್ಮರ್ ಕೈಯನ್ನೇ ನೋಡಿ. ಅವರು ಸಿಂಬಲ್ ಅಂಚನ್ನು ಹಿಡಿದ ಕ್ಷಣಕ್ಕೆ ನಿಮ್ಮ ಎರಡೂ ಅಂಗೈ ನಾಲ್ಕೂ ತಂತಿಗಳ ಮೇಲಿರಲಿ.